ಮುದ್ದೆ ಮನೇದು, ಸಾರು ಅಂಗಡೀದು

2023ರ ಸಂಕ್ರಾಂತಿ ಕಳೆದು ಹದಿನೈದು ದಿನ ಆಗಿರಬೇಕು. ಮನೆ ಮುಂದೆ ಒಣಗಲು ಹರವಿದ್ದ ರಾಗಿಯನ್ನು ಕೈಯಾಡಿಸುತ್ತಿದ್ದ ನಮ್ಮ ಮನೆಯಾಕೆ ತಲೆ ಸುತ್ತಿ ಅಲ್ಲೇ ಕುಸಿದು ಕೂತಳು. ಬಿಸಿಲಿಗೆ ಅಂದುಕೊಂಡೆವು. ಎರಡನೇ ಸಲವೂ ಹಾಗೇ ಆದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿ, ಹೆಣ್ಣುಮಕ್ಕಳಿಗೆ 12 ಇರಬೇಕಾದ ಹಿಮೋಗ್ಲೋಬಿನ್ ಈಕೆಗೆ 8.2 ಇದೆ ಅಂದರು.

ಡಾಕ್ಟರಮ್ಮ ಕೇಳಿದರು: 'ಏನಮ್ಮ ಊಟ ಮಾಡ್ತೀರ?'

'ಮುದ್ದೆ ಸಾರು.'

'ಸಾರಿಗೆ ಏನು ಹಾಕ್ತೀರ?'

ಈಕೆ ನನ್ನ ಮುಖ ನೋಡಿದಳು. ನಾನು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡಿದೆ. ಹುಣಸೆಹಣ್ಣು, ಖಾರದ ಪುಡಿ, ಒಂದು ಹಿಡಿ ಬೇಳೆ, ನಾಲ್ಕು ಟೊಮೇಟೊ. ಇಷ್ಟೇ ನಮ್ಮನೆ ಸಾರು. ಆ ವರ್ಷ ಮನೇಲಿ ಇಪ್ಪತ್ತು ಮೂಟೆ ರಾಗಿ ಇತ್ತು. ಒಂದು ಸೇರು ಅವರೆಕಾಳು ಇರಲಿಲ್ಲ.

ಮಾಗಡಿ ರಸ್ತೆಯ ತಾವರೆಕೆರೆ ಹೋಬಳಿಯಲ್ಲಿ ನನಗೆ ಮೂರು ಎಕರೆ ಕೆಂಪು ಮಣ್ಣಿನ ಹೊಲ ಇದೆ. ಬೋರ್‌ವೆಲ್ ಇಲ್ಲ, ಮಳೆ ಬಂದರೆ ಬೆಳೆ. ಓದಿದ್ದು ಏಳನೇ ಕ್ಲಾಸು. ಊಟ, ಪೌಷ್ಟಿಕಾಂಶ ಅಂತ ಬರೆಯೋದು ನನ್ನಂಥವನ ಕೆಲಸವಲ್ಲ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಸಾರಿನಲ್ಲಿ ಏನಿರುತ್ತೆ ಅನ್ನೋದು ಅಡುಗೆಮನೆಗಿಂತ ಮೊದಲು ಹೊಲದಲ್ಲಿ ತೀರ್ಮಾನ ಆಗುತ್ತೆ. ಅದು ನನಗೆ ತಡವಾಗಿ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮಗಳ ಮನೆಯ ಚೀಟಿ

ಆಸ್ಪತ್ರೆಗೆ ಓಡಾಡಲು ಹತ್ತಿರ ಅಂತ ಕಾಮಾಕ್ಷಿಪಾಳ್ಯದಲ್ಲಿರುವ ಮಗಳ ಮನೇಲಿ ಎಂಟು ದಿನ ಇದ್ದೆವು. ಅಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಾರೆ. ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಇಬ್ಬರು ಮಕ್ಕಳು. ಬಾಡಿಗೆ, ಸ್ಕೂಲ್ ಫೀಸು, ಚೀಟಿ ದುಡ್ಡು ಕಳೆದು ಊಟಕ್ಕೆ ಉಳಿಯೋದು ಏಳು ಸಾವಿರ.

ಕೂತು ಬೇಜಾರಾಗಿ ಅವಳ ಹತ್ತಿರ ತಿಂಗಳ ಲೆಕ್ಕ ಕೇಳಿ ಒಂದು ಚೀಟಿಯಲ್ಲಿ ಬರೆದೆ. ಅಕ್ಕಿ ರೇಷನ್ನಿನಲ್ಲಿ ಬರುತ್ತೆ, ರಾಗಿ ನಮ್ಮನೆಯಿಂದ ಹೋಗುತ್ತೆ. ಉಳಿದದ್ದು ಹೀಗಿತ್ತು: ಹಾಲು 1,450 ರೂಪಾಯಿ, ತರಕಾರಿ ಸೊಪ್ಪು 1,200, ಭಾನುವಾರದ ಬಾಡು 1,200, ಬಿಸ್ಕತ್ತು ಬೇಕರಿ ಕುರುಕಲು 900, ಈರುಳ್ಳಿ ಹುಣಸೆಹಣ್ಣು ಮಸಾಲೆ 800, ಟೀಪುಡಿ ಸಕ್ಕರೆ 500, ಎಣ್ಣೆ 450, ತೊಗರಿಬೇಳೆ 390. ಒಟ್ಟು 6,890.

ಬೇಳೆಗೆ 390, ಬಿಸ್ಕತ್ತಿಗೆ 900. ಇದನ್ನು ನೋಡಿ ಮಗಳಿಗೆ ಬೈಯೋಣ ಅಂತ ಬಾಯಿ ತೆರೆದೆ. ಅವಳು ಅಂದಳು: 'ಅಪ್ಪಾ, ಬೆಳಿಗ್ಗೆ ಏಳೂವರೆಗೆ ಮನೆ ಬಿಡ್ತೀನಿ, ರಾತ್ರಿ ಏಳಕ್ಕೆ ಬರ್ತೀನಿ. ಮಕ್ಕಳು ಸ್ಕೂಲಿಂದ ಬಂದು ಹಸಿವು ಅಂದರೆ ಏನು ತಿನ್ನಬೇಕು? ಊರಿಂದ ರಾಗಿ ಕಳಿಸ್ತೀಯ. ಮೊದಲು ಅವರೆಕಾಳು, ಹುರಳಿಕಾಳು, ಅಲಸಂದೆ ಎಲ್ಲಾ ಬರ್ತಿತ್ತಲ್ಲ, ಈಗ ಯಾಕೆ ಬರಲ್ಲ?'

ತೆರೆದ ಬಾಯಿ ಮುಚ್ಚಿಕೊಂಡೆ. ಮೂರು ಕೆ.ಜಿ. ಬೇಳೆ, ನಾಲ್ಕು ಜನ, ಮೂವತ್ತು ದಿನ. ತಲೆಗೆ ದಿನಕ್ಕೆ 25 ಗ್ರಾಂ. ನಮ್ಮ ಹಳ್ಳಿ ಮನೆ ಲೆಕ್ಕ ಹಾಕಿದರೆ ಅದೂ ಅಷ್ಟೇ ಇತ್ತು. ರೈತನ ಮನೇಲೂ 25 ಗ್ರಾಂ, ಕಾರ್ಖಾನೆ ಕೆಲಸದವರ ಮನೇಲೂ 25 ಗ್ರಾಂ. ಹಾಗಾದರೆ ನನಗೆ ಹೊಲ ಇದ್ದು ಬಂದ ಲಾಭ ಏನು?

ಸಾರು ಹೊಲದಿಂದ ಎದ್ದು ಹೋದದ್ದು

ನಾನು ಹುಡುಗನಾಗಿದ್ದಾಗ ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ. ನಮ್ಮಪ್ಪ ಕೂರಿಗೆ ಹಿಡಿದು ಹೋಗುತ್ತಿದ್ದರೆ, ಹಿಂದೆ ಅವ್ವ ಮಡಿಲಲ್ಲಿ ಕಾಳು ಕಟ್ಟಿಕೊಂಡು ಅಕ್ಕಡಿ ಸಾಲು ಬಿಡುತ್ತಾ ಬರುತ್ತಿದ್ದಳು. ಅವರೆ, ತೊಗರಿ, ಅಲಸಂದೆ, ಅಲ್ಲಲ್ಲಿ ಜೋಳ, ಸಾಸಿವೆ, ಹುಚ್ಚೆಳ್ಳು. ಒಂದೇ ಹೊಲ, ಒಂದೇ ಉಳುಮೆ. ಕಾರ್ತಿಕದಲ್ಲಿ ಅಲಸಂದೆ, ಮಾರ್ಗಶಿರದಲ್ಲಿ ರಾಗಿ, ಪುಷ್ಯದಲ್ಲಿ ಸೊಗಡಿನ ಅವರೆಕಾಯಿ, ಆಮೇಲೆ ತೊಗರಿ. ರಾಗಿ ಮುದ್ದೆಗೆ, ಕಾಳು ಸಾರಿಗೆ, ಸಾಸಿವೆ ಒಗ್ಗರಣೆಗೆ, ಹುಚ್ಚೆಳ್ಳು ಗಾಣಕ್ಕೆ, ಜೋಳದ ಕಡ್ಡಿ ದನಕ್ಕೆ. ಅಂಗಡಿಯಿಂದ ಉಪ್ಪು, ಬೆಲ್ಲ, ಸೀಮೆಎಣ್ಣೆ ಬಂದರೆ ಮುಗೀತು.

ಇದು ಹೋದದ್ದು ಒಂದೇ ದಿನದಲ್ಲಲ್ಲ. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿಕೊಟ್ಟರು. ಆ ಪುಣ್ಯಾತ್ಮರಿಂದ ಮೊದಲಿಗಿಂತ ಕಡಿಮೆ ಜಾಗದಲ್ಲಿ ಮನೆಗೆ ಬೇಕಾದ ರಾಗಿ ಬೆಳೆಯೋ ಹಾಗಾಯಿತು. ಆಮೇಲೆ ಜಿಪಿಯು-28 ಬಂತು, ಬೆಂಕಿರೋಗದ ಕಾಟವೂ ತಗ್ಗಿತು. ಹೀಗೆ ಉಳಿದ ಜಾಗಕ್ಕೆ ನಾವು ಕಾಳು ಹಾಕಬೇಕಿತ್ತು. ಹಾಕಿದ್ದು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸಸಿ ಕೊಟ್ಟರು, ನಮ್ಮ ಕಡೆ ದಿಣ್ಣೆ ಹೊಲಗಳೆಲ್ಲಾ ನೀಲಗಿರಿ ತೋಪಾದವು. 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರವೇ ಆದೇಶ ಮಾಡಿತು. ಅಷ್ಟರಲ್ಲಿ ಒಂದು ತಲೆಮಾರು ಹುರಳಿ ಬಿತ್ತೋದನ್ನೇ ಮರೆತಿತ್ತು.

ಆಮೇಲೆ ಆಳು ಸಿಗಲಿಲ್ಲ. ಗಾರ್ಮೆಂಟ್ಸ್ ಬಸ್ಸು ಊರ ಬಾಗಿಲಿಗೇ ಬಂದ ಮೇಲೆ ಕಳೆ ಕೀಳಲು ಯಾರು ಬರುತ್ತಾರೆ? 2,4-ಡಿ ಹೊಡೆಯೋಕೆ ಶುರು ಮಾಡಿದೆವು. ಈ ಔಷಧಿಗೆ ಹುಲ್ಲುಜಾತಿ ಬಿಟ್ಟು ಅಗಲ ಎಲೆಯದ್ದೆಲ್ಲಾ ಕಳೆಯೇ. ಅವರೆಗೂ ಅಗಲ ಎಲೆ, ತೊಗರಿಗೂ ಅಗಲ ಎಲೆ, ಸಾಸಿವೆಗೂ ಅಗಲ ಎಲೆ. ಅಣ್ಣೆಸೊಪ್ಪು, ಕನ್ನೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ ಅಂತ ಹೆಂಗಸರು ಮಡಿಲು ತುಂಬಾ ಕಿತ್ತು ತರುತ್ತಿದ್ದ ಬೆರಕೆ ಸೊಪ್ಪಿಗೂ ಅಗಲ ಎಲೆ. ಒಂದು ಡಬ್ಬ ಔಷಧಿಯಲ್ಲಿ ಕಳೆ ಹೋಯಿತು, ಜೊತೆಗೆ ಸಾರೂ ಹೋಯಿತು.

ಕೊನೆಗೆ ಕಟಾವು ಮಿಷನ್ ಬಂತು. ಅದಕ್ಕೆ ಹೊಲದ ತುಂಬಾ ಒಂದೇ ಬೆಳೆ ಇರಬೇಕು. ಹಸಿರಾಗಿ ನಿಂತಿರುವ ಅವರೆ, ತೊಗರಿ ಸಾಲು ಇದ್ದರೆ ಅದು ಹೊಲಕ್ಕೆ ಇಳಿಯಲ್ಲ. ಇನ್ನೊಂದು ಕಡೆ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಳ್ಳಲು ನಿಂತಿತು. 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ಒಳ್ಳೆಯದೇ, ನಾನೂ ಕೊಟ್ಟಿದ್ದೇನೆ, ಇನ್ನೂ ಕೊಡುತ್ತೇನೆ. ಆದರೆ ಅವರೆಗೂ ಹುರಳಿಗೂ ಬೆಂಬಲ ಬೆಲೆ ಅಂತ ಒಂದು ಇಲ್ಲ. ದುಡ್ಡು ಎತ್ತ ಕರೆಯುತ್ತೋ ಹೊಲ ಅತ್ತ ತಿರುಗಿತು.

2013ರಿಂದ ಅನ್ನಭಾಗ್ಯದ ಅಕ್ಕಿ ಬಂತು. ಅದನ್ನು ಬೈಯುವವರು ನಮ್ಮಲ್ಲೂ ಇದ್ದಾರೆ, ನಾನು ಬೈಯಲ್ಲ. 2020ರ ಲಾಕ್‌ಡೌನಿನಲ್ಲಿ ಮಗಳ ಮನೆ ಒಲೆ ಉರಿದದ್ದು ಆ ಅಕ್ಕಿಯಿಂದ. ಅಕ್ಕಿ ಹೊಟ್ಟೆ ತುಂಬಿಸುತ್ತೆ. ಹೊಟ್ಟೆ ತುಂಬಿದ್ದರಿಂದಲೇ ನಮಗೆ ಏನು ಕಡಿಮೆಯಾಗಿದೆ ಅನ್ನೋದು ಗೊತ್ತಾಗಲಿಲ್ಲ, ಅಷ್ಟೇ.

ಗೊತ್ತಾಗದವರು ನಾವೊಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 48ರಷ್ಟು ಜನಕ್ಕೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಮೂರು ಮಕ್ಕಳಿದ್ದರೆ ಇಬ್ಬರಿಗೆ ಅಂದ ಹಾಗಾಯಿತು.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬ ಮನುಷ್ಯನ ದಿನದ ತಟ್ಟೆ ಹೀಗಿರಬೇಕು ಅಂತ ಲೆಕ್ಕ ಕೊಟ್ಟಿದೆ. ಅದರಲ್ಲಿ ಕಾಳು-ಬೇಳೆ 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ. ನಾವು ತಿನ್ನುತ್ತಿದ್ದ ಕಾಳು ಅದರ ಮೂರನೇ ಒಂದು ಪಾಲೂ ಅಲ್ಲ.

ನಮ್ಮ ಮನೇಲಿ ನಾಲ್ಕು ಜನ: ಅವ್ವ, ನಾನು, ಮನೆಯಾಕೆ, ಮಗ. 85 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 340 ಗ್ರಾಂ, ವರ್ಷಕ್ಕೆ 124 ಕೆ.ಜಿ. ಮಗಳ ಮನೆಗೂ ಅಷ್ಟೇ. ಎರಡೂ ಸೇರಿ ಎರಡೂವರೆ ಕ್ವಿಂಟಾಲ್. ಇದನ್ನು ಅಂಗಡಿಯಲ್ಲಿ ಕೊಂಡರೆ ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ಆಗುತ್ತೆ. ಅಷ್ಟು ದುಡ್ಡು ಇಬ್ಬರ ಹತ್ತಿರವೂ ಇಲ್ಲ. ಇಲ್ಲದ ದುಡ್ಡಿನಲ್ಲಿ ಮೊದಲು ಕತ್ತರಿ ಬೀಳೋದು ಕಾಳಿಗೆ. ಯಾಕಂದರೆ ಸಾರನ್ನು ನೀರು ಮಾಡಿದರೆ ಯಾರಿಗೂ ಕಾಣಿಸಲ್ಲ.

ಇಲ್ಲಿ ನನಗೆ ಹೊಳೆದ ಮಾತು ಒಂದೇ. ಕೊಂಡ ಬೇಳೆಯನ್ನು ಹಿಡಿಯಲ್ಲಿ ಅಳೀತೀವಿ, ಬೆಳೆದ ಕಾಳನ್ನು ಪಾವಿನಲ್ಲಿ ಅಳೀತೀವಿ. ಗುಡಾಣದಲ್ಲಿ ಕಾಳು ಇದ್ದರೆ ಅಡುಗೆ ಮಾಡುವವಳ ಕೈ ತಾನಾಗೇ ದೊಡ್ಡದಾಗುತ್ತೆ. ಆದ್ದರಿಂದ ಬಡ ರೈತನ ಮನೆ ಚೆನ್ನಾಗಿ ಊಟ ಮಾಡಬೇಕಾದರೆ ಮಾರೋ ಬೆಳೆ ಲೆಕ್ಕ ಹಾಕೋಕೆ ಮುಂಚೆ ಸಾರಿನ ಬೆಳೆ ಲೆಕ್ಕ ಹಾಕಬೇಕು.

ನಾನು ಮಾಡಿದ್ದು

ಅದೇ ವರ್ಷ, 2023ರಲ್ಲಿ, ಒಂದು ಎಕರೆಗೆ ಕಳೆನಾಶಕ ಬೇಡ, ಮಿಷನ್ ಬೇಡ ಅಂತ ತೀರ್ಮಾನ ಮಾಡಿದೆ. ಒಂದೂವರೆ ಎಕರೆ ಮೊದಲಿನ ಹಾಗೆ ಬರೀ ರಾಗಿ. ಹಿಂದಿನ ವರ್ಷ ನೀಲಗಿರಿ ಬೊಡ್ಡೆ ಕೀಳಿಸಿ ಸುಮ್ಮನೆ ಬಿಟ್ಟಿದ್ದ ಅರ್ಧ ಎಕರೆ ದಿಣ್ಣೆಗೆ ಹುರಳಿ.

ಅಕ್ಕಡಿ ಬೀಜ ಊರಲ್ಲಿ ಸಿಗಲಿಲ್ಲ. ಮಾಗಡಿ ಕಡೆಯ ಬೀಗರ ಮನೆಯಿಂದ ನಾಟಿ ಅವರೆ ತಂದೆ. ಇಲ್ಲೊಂದು ಮಾತು: ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುವ ಗಿಡ್ಡ ತಳಿಗಳು. ಕಾಯಿ ಮಾರುವವರಿಗೆ ಅವು ಸರಿ. ಅಕ್ಕಡಿ ಸಾಲಿಗೆ ನಾಟಿಯೇ ಬೇಕು. ಅದು ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತೆ, ಅಷ್ಟರಲ್ಲಿ ರಾಗಿ ಕೊಯ್ಲಾಗಿ ಜಾಗ ಬಿಟ್ಟಿರುತ್ತೆ. ತೊಗರಿಗೆ ವಿಶ್ವವಿದ್ಯಾನಿಲಯದವರೇ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಂತ ಹೇಳುತ್ತಾರೆ. ನಾನು ಎಂಟು ರಾಗಿ, ಒಂದು ತೊಗರಿ, ಮತ್ತೆ ಎಂಟು ರಾಗಿ, ಒಂದು ಅವರೆ ಹೀಗೆ ಬಿಟ್ಟೆ. ಅವರೆ ಸಾಲಿನಲ್ಲೇ ನಡುನಡುವೆ ಅಲಸಂದೆ. ಸಾಸಿವೆ, ಹುಚ್ಚೆಳ್ಳು ಬದುವಿನ ಪಕ್ಕ.

ಮೊದಲನೇ ವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಣೆ ಮಾಡಿದ್ದು ನಿಮಗೆಲ್ಲಾ ನೆನಪಿರುತ್ತೆ. ಆ ಎಕರೆಯಲ್ಲಿ ರಾಗಿ ಆದದ್ದು ಮೂರು ಕ್ವಿಂಟಾಲ್. ಆದರೆ ಬೇರು ಆಳಕ್ಕೆ ಬಿಟ್ಟ ತೊಗರಿ 40 ಕೆ.ಜಿ. ಕೊಟ್ಟಿತು. ಅವರೆ ಮಂಜಿನಲ್ಲೇ ಚೇತರಿಸಿಕೊಂಡು 35 ಕೆ.ಜಿ. ಕೊಟ್ಟಿತು. ಬರೀ ರಾಗಿ ಹಾಕಿದ ಒಂದೂವರೆ ಎಕರೆಯಲ್ಲಿ ದನಕ್ಕೆ ಹುಲ್ಲು ಸಿಕ್ಕಿತು ಅಷ್ಟೇ.

2024ರ ಲೆಕ್ಕವನ್ನು ಪೂರ್ತಿ ಕೊಡುತ್ತೇನೆ. ಅಕ್ಕಡಿ ಎಕರೆಯಲ್ಲಿ ತೊಗರಿ 70, ಒಣ ಅವರೆ 55, ಅಲಸಂದೆ 12, ಒಟ್ಟು 137 ಕೆ.ಜಿ. ಹಸಿ ಅವರೆಕಾಯಿ ಒಂದು ತಿಂಗಳು ತಿಂದದ್ದು ಲೆಕ್ಕಕ್ಕಿಲ್ಲ. ದಿಣ್ಣೆಯಲ್ಲಿ ಹುರಳಿ 90 ಕೆ.ಜಿ. ಸಾಸಿವೆ ನಾಲ್ಕು ಕೆ.ಜಿ. ಹುಚ್ಚೆಳ್ಳು ಹತ್ತು ಕೆ.ಜಿ., ಗಾಣಕ್ಕೆ ಹಾಕಿದರೆ ಮೂರು ಲೀಟರ್ ಎಣ್ಣೆ, ಹಿಂಡಿ ಹಸುವಿಗೆ. ತೊಗರಿ ಒಡೆಸಿದರೆ ನೂರಕ್ಕೆ ಎಪ್ಪತ್ತರಿಂದ ಎಪ್ಪತ್ತೈದು ಬೇಳೆ ಬರೋದು, ಅದನ್ನೂ ನೆನಪಿಡಿ.

ಕಳೆದುಕೊಂಡದ್ದನ್ನೂ ಹೇಳಬೇಕು. ಪಕ್ಕದ ಹೊಲಕ್ಕೆ ಹೋಲಿಸಿದರೆ ಎಕರೆಗೆ ಒಂದೂವರೆ ಕ್ವಿಂಟಾಲ್ ರಾಗಿ ಕಡಿಮೆ ಬಂತು. ಆ ವರ್ಷದ ಬೆಂಬಲ ಬೆಲೆ 4,290ರ ಪ್ರಕಾರ 6,435 ರೂಪಾಯಿ. ಕಳೆ ಕೀಳಲು ಎಂಟು ಆಳಿಗೆ 3,200. ಕೈಯಲ್ಲಿ ಕೊಯ್ದದ್ದಕ್ಕೆ ಮಿಷನ್ನಿಗಿಂತ 2,500 ಹೆಚ್ಚು. ದಿಣ್ಣೆ ಉಳುಮೆ, ಬೀಜಕ್ಕೆ 1,500. ಒಟ್ಟು 13,635. ಬಂದ ಕಾಳನ್ನು ಅಂಗಡಿಯಲ್ಲಿ ಕೊಂಡಿದ್ದರೆ ಸುಮಾರು 24,500. ಹತ್ತು ಸಾವಿರ ಚಿಲ್ಲರೆ ಉಳಿತಾಯ.

'ಇಷ್ಟಕ್ಕೆ ಇಷ್ಟೊಂದು ಕಷ್ಟನಾ?' ಅಂತ ನಮ್ಮೂರ ಗೆಳೆಯರು ನಕ್ಕರು. ಹತ್ತು ಸಾವಿರ ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ನಾನು ಬರೀ ರಾಗಿ ಬೆಳೆದು ಆ ದುಡ್ಡು ತಂದಿದ್ದರೆ ಅದರಲ್ಲಿ ಕಾಳು ಕೊಳ್ಳುತ್ತಿದ್ದೆನೇ? ಟ್ರ್ಯಾಕ್ಟರ್ ಬಾಡಿಗೆಗೆ ಹೋಗುತ್ತಿತ್ತು, ಮೊಬೈಲ್ ಕರೆನ್ಸಿಗೆ ಹೋಗುತ್ತಿತ್ತು. ಹಿಂದಿನ ಹತ್ತು ವರ್ಷ ಹಾಗೇ ಹೋಗಿದೆ.

ಕಾಳು ಹುಳ ಬೀಳೋದಕ್ಕೆ ಹೆದರಿ ಮಾರಿಬಿಡುವವರೇ ಹೆಚ್ಚು. ನಮ್ಮವ್ವ ಹಳೇ ದಾರಿ ಹೇಳಿಕೊಟ್ಟಳು. ತೊಗರಿ, ಅವರೆಗೆ ಕೆಮ್ಮಣ್ಣು ಕಲಸಿ ಕಟ್ಟಿ ಚೆನ್ನಾಗಿ ಒಣಗಿಸಿ ಇಡೋದು. ಹುರಳಿಗೆ ಜರಡಿ ಹಿಡಿದ ಬೂದಿ. ಗುಡಾಣದ ಮೇಲ್ಗಡೆ ನಾಲ್ಕು ಬೆರಳು ಒಣ ಮರಳು ಹಾಕಿ ಮುಚ್ಚೋದು. ಎರಡು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕೋದು. ಬಿತ್ತನೆ ಬೀಜ ಬೇರೆ ಇಡಿ.

ಹೊಲ ಇಲ್ಲದ ಮನೆಗೆ

'ನಿಮಗೆ ಹೊಲ ಇದೆ, ಪೇಟೆಯವರು ಏನು ಮಾಡಬೇಕು?' ಅಂತ ಮಗಳ ಅಕ್ಕಪಕ್ಕದ ಹೆಂಗಸರು ಕೇಳಿದರು. ನಮ್ಮ ಪತ್ರಿಕೆ ಓದುವವರ ಮಕ್ಕಳೂ ಕೆಂಗೇರಿ, ವಿಜಯನಗರ, ಸುಂಕದಕಟ್ಟೆ ಅಂತ ಎಲ್ಲೋ ಬಾಡಿಗೆ ಮನೇಲಿ ಇರುತ್ತಾರೆ. ಆದ್ದರಿಂದ ಅದನ್ನೂ ಬರೆಯುತ್ತೇನೆ.

ಕೆ.ಜಿ. ಬೆಲೆ ನೋಡಬೇಡಿ, ಹತ್ತು ರೂಪಾಯಿಗೆ ಎಷ್ಟು ಸಾರ ಬರುತ್ತೆ ನೋಡಿ. ಕಾಳು-ಬೇಳೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 22 ಪ್ರೋಟೀನ್. ಕೆ.ಜಿ.ಗೆ 90 ರೂಪಾಯಿಯ ಹುರಳಿಯಲ್ಲಿ ಹತ್ತು ರೂಪಾಯಿಗೆ 24 ಗ್ರಾಂ ಸಿಗುತ್ತೆ. 130 ರೂಪಾಯಿಯ ತೊಗರಿಬೇಳೆಯಲ್ಲಿ 17 ಗ್ರಾಂ. ಏಳು ರೂಪಾಯಿಯ ಮೊಟ್ಟೆಯಲ್ಲಿ ಹತ್ತು ರೂಪಾಯಿಗೆ ಎಂಟೂವರೆ ಗ್ರಾಂ. ಹಾಲಿನಲ್ಲಿ ಏಳು ಗ್ರಾಂ ಒಳಗೆ. ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ, ಎಣ್ಣೆ. ಹುರಳಿ ದನದ ಮೇವು ಅಂತ ನಾಚುವವರು ಈ ಲೆಕ್ಕ ನೋಡಲಿ. ಹಾಲು ಮೊಟ್ಟೆ ಬೇಡ ಅಂತಲ್ಲ. ಮಕ್ಕಳಿಗೆ ಅವು ಬೇಕು. ಬೇಕರಿಯದ್ದು ಬೇಡ.

ಮಗಳು ಮಾಡಿದ್ದು ಇಷ್ಟೇ. ಬೇಕರಿ ದುಡ್ಡಿನಲ್ಲಿ ಐನೂರು ರೂಪಾಯಿ ತೆಗೆದಳು. ಊರಿಂದ ಕಾಳು ಬರೋಕೆ ಮುಂಚೆ ಅದರಲ್ಲಿ ಎರಡು ಕೆ.ಜಿ. ಹುರಳಿ, ಒಂದು ಕೆ.ಜಿ. ಹೆಸರುಕಾಳು, ಮೂವತ್ತು ಮೊಟ್ಟೆ ತಂದಳು. ಮಕ್ಕಳಿಗೆ ದಿನ ಬಿಟ್ಟು ದಿನ ಒಂದೊಂದು ಮೊಟ್ಟೆ. ರಾತ್ರಿ ಕಾಳು ನೆನೆ ಹಾಕೋದು, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟೋದು. ಮೊಳಕೆ ಬಂದ ಕಾಳಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತೆ. ಸ್ಕೂಲಿಂದ ಬಂದ ಮಕ್ಕಳಿಗೆ ಬೇಯಿಸಿದ ಕಾಳಿಗೆ ಉಪ್ಪು, ನಿಂಬೆಹುಳಿ ಹಿಂಡಿ ಒಂದು ಬಟ್ಟಲು. ಮೊದಲ ವಾರ ಮಕ್ಕಳು ಮುಖ ಸಿಂಡರಿಸಿದವು. ಬೆಲ್ಲ ಹಾಕಿದ ಹುರಿಗಡಲೆ ಕೊಟ್ಟು ಒಲಿಸಿಕೊಂಡಳು.

ಬಸ್ಸಾರನ್ನು ನಾವು ಬಡವರ ಸಾರು ಅಂತ ಅಂದುಕೊಂಡಿದ್ದೆವು. ಕಾಳು ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದದ್ದರಲ್ಲಿ ಪಲ್ಯ. ಒಂದೇ ಒಲೆಯಲ್ಲಿ ಎರಡು ಅಡುಗೆ, ಚೆಲ್ಲೋದು ಒಂದು ತೊಟ್ಟೂ ಇಲ್ಲ. ಇದನ್ನು ಕಂಡುಹಿಡಿದ ನಮ್ಮ ಹಳ್ಳಿ ಹೆಂಗಸರಿಗೆ ಯಾವ ಡಿಗ್ರಿ ಕೊಡಬೇಕು ಹೇಳಿ.

ಇನ್ನೊಂದು, ಊಟದ ಜೊತೆಗೇ ಟೀ ಕುಡಿಯೋದು ಬಿಡಿ. ಅದು ಕಬ್ಬಿಣದ ಅಂಶ ಮೈಗೆ ಸೇರದ ಹಾಗೆ ಮಾಡುತ್ತೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರಾಗಿಯನ್ನಂತೂ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಸುಣ್ಣದ ಅಂಶ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಇರೋದು 120ರ ಹತ್ತಿರ.

ಸೊಪ್ಪಿನ ವಿಷಯದಲ್ಲಿ ಮಾತ್ರ ಅಗ್ಗ ನೋಡಬೇಡಿ. ರಾಜಾಜಿನಗರದ ಕಡೆಯಿಂದ ಬೆಂಗಳೂರಿನ ಕೊಳಚೆ ಹೊತ್ತು, ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗುವ ವೃಷಭಾವತಿಯನ್ನು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಆ ನೀರು ಕಟ್ಟಿ ಬೆಳೆಯುವ ರೈತರೂ ನಮ್ಮವರೇ, ಬೇರೆ ನೀರಿಲ್ಲದೆ ಬೆಳೆಯುತ್ತಾರೆ, ತಪ್ಪು ಅವರದ್ದಲ್ಲ. ಆದರೆ ಕಾರ್ಖಾನೆ ವಿಷ ಸೇರಿದ ನೀರಿನ ಸೊಪ್ಪು ಮಕ್ಕಳಿಗೆ ಬೇಡ. ಯಾವ ನೀರಿನದ್ದು ಅಂತ ಕೇಳಿ ಕೊಳ್ಳಿ. ಊರಲ್ಲಿ ಬಚ್ಚಲು ನೀರಿಗೆ ಒಂದು ನುಗ್ಗೆ ಮರ, ಒಂದು ಪರಂಗಿ ಗಿಡ ಹಾಕಿದರೆ ಎರಡು ಮನೆಗೆ ಆಗುತ್ತೆ. ಬಸ್ಸಿನಲ್ಲಿ ಬರುವಾಗ ಒಂದು ಚೀಲ ನುಗ್ಗೆಸೊಪ್ಪು ಭಾರವೇ?

ಕೊನೇಲಿ ಉಣ್ಣುವವಳು

ಈಗ ಹೇಳಲು ಕಷ್ಟವಾದ ಮಾತು. ನಮ್ಮ ಮನೇಲಿ ಮೊದಲು ಗಂಡಸರು, ಮಕ್ಕಳು, ವಯಸ್ಸಾದವರು ಉಣ್ಣೋದು. ಮನೆಯಾಕೆ ಕೊನೆಗೆ. ಸಾರಿನಲ್ಲಿದ್ದ ಕಾಳು ನಮ್ಮ ತಟ್ಟೆಗೆ ಬಂದು, ಅವಳಿಗೆ ಉಳಿಯೋದು ತಿಳಿ. ಮೂವತ್ತು ವರ್ಷ ನಾನು ಇದನ್ನು ನೋಡಿಯೇ ಇರಲಿಲ್ಲ. ಮನೇಲಿ ಎಲ್ಲರೂ ಒಂದೇ ಊಟ ಮಾಡುತ್ತೇವೆ ಅಂತ ಡಾಕ್ಟರಮ್ಮನಿಗೆ ಹೇಳಿದ್ದೆ. ಒಂದೇ ಪಾತ್ರೆಯ ಊಟ ಹೌದು, ಒಂದೇ ಊಟ ಅಲ್ಲ.

ಈಗ ರಾತ್ರಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ಮೊದಲು ಅವ್ವ ಗೊಣಗಿದಳು. ಆಮೇಲೆ ಅವಳೇ, 'ನಮ್ಮ ಕಾಲದಲ್ಲಿ ಯಾರೂ ಹೀಗೆ ಕೂರಿಸಲಿಲ್ಲ' ಅಂದಳು. ಖರ್ಚಿಲ್ಲದೆ ಊಟ ಸುಧಾರಿಸುವ ದಾರಿ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ.

ಮನೆಯಾಕೆಯ ರಕ್ತ ಈಗ 11.4 ಇದೆ. ಅದು ಅವರೆಕಾಳಿನಿಂದಲೇ ಅಂತ ನಾನು ಜಂಬ ಕೊಚ್ಚಲ್ಲ. ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಮಾತ್ರೆ ಆರು ತಿಂಗಳು ತಪ್ಪದೆ ನುಂಗಿದ್ದಾಳೆ. ಮಾತ್ರೆ ಮೇಲಕ್ಕೆತ್ತಿತು. ನಿಲ್ಲಿಸಿದ ಮೇಲೆ ಮತ್ತೆ ಕೆಳಗೆ ಬೀಳಲಿಲ್ಲ. ಬೀಳದ ಹಾಗೆ ಹಿಡಿದದ್ದು ಊಟ ಅಂತ ಅವರೇ ಹೇಳಿದರು.

ನಿಮ್ಮಲ್ಲಿ ಕೇಳೋದು

ಎಲ್ಲರೂ ಎಲ್ಲಾ ಹೊಲಕ್ಕೂ ಅಕ್ಕಡಿ ಬಿಡಿ ಅಂತ ನಾನು ಹೇಳಲ್ಲ. ಆಳಿನ ಕಷ್ಟ ನನಗೂ ಇದೆ. ಸಾಲ ಇರುವವನು ಮಾರೋ ಬೆಳೆ ಬೆಳೆಯಲೇಬೇಕು. ನಾನು ಕೇಳೋದು ಅರ್ಧ ಎಕರೆ, ಆಗಲಿಲ್ಲ ಅಂದರೆ ಹತ್ತು ಗುಂಟೆ. ಅಷ್ಟರಲ್ಲಿ ಔಷಧಿ ಹೊಡೆಯಬೇಡಿ, ಮಿಷನ್ ಇಳಿಸಬೇಡಿ. ಅದನ್ನು ವ್ಯವಸಾಯದ ಲೆಕ್ಕಕ್ಕೆ ಹಿಡಿಯಬೇಡಿ, ಅಡುಗೆಮನೆಯ ಲೆಕ್ಕಕ್ಕೆ ಹಿಡಿಯಿರಿ. ಬೆಂಬಲ ಬೆಲೆ ಕೊಡುವವರನ್ನು ಅವರೆ, ಹುರಳಿಗೂ ಕೊಡಿ ಅಂತ ಕೇಳೋಣ. ಕೊಡುವವರೆಗೆ ಕಾಯೋದು ಬೇಡ.

ಬಿತ್ತನೆಗೆ ಮುಂಚೆ ಒಂದು ದಿನ ಮನೆಯಾಕೆ ಜೊತೆ ಕೂತು ಎರಡು ಪ್ರಶ್ನೆ ಕೇಳಿ. ನಮ್ಮ ಮನೆಗೆ ವರ್ಷಕ್ಕೆ ಎಷ್ಟು ಕಾಳು ಬೇಕು? ಅದರಲ್ಲಿ ಎಷ್ಟನ್ನು ನಾವು ಕೊಳ್ಳುತ್ತಿದ್ದೇವೆ? ಉತ್ತರ ಬರೆದಿಡಿ. ನಿಮ್ಮ ಕಡೆ ಅಕ್ಕಡಿಗೆ ಏನೇನು ಬಿಡುತ್ತೀರಿ, ಎಕರೆಗೆ ಎಷ್ಟು ಬಂತು ಅನ್ನೋದನ್ನು ಪತ್ರಿಕೆಗೂ ಬರೆಯಿರಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ. ನಾಟಿ ಅವರೆ ಬೀಜ ಬೇಕಾದವರಿಗೆ ನನ್ನ ಹತ್ತಿರ ನಾಲ್ಕಾರು ಸೇರು ಇದೆ. ದುಡ್ಡು ಬೇಡ. ಬೆಳೆದ ಮೇಲೆ ಅಷ್ಟನ್ನೇ ಇನ್ನೊಬ್ಬ ರೈತರಿಗೆ ಕೊಡಿ.

ಹೋದ ತಿಂಗಳು ಮಗಳ ಮನೆಗೆ ಮೂಟೆ ಹೊತ್ತು ಹೋಗಿದ್ದೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು, 'ಏನು ಯಜಮಾನ್ರೆ, ರಾಗಿನಾ?' ಅಂದರು.

'ಇಲ್ಲಪ್ಪ, ಸಾರು' ಅಂದೆ.